ಸಾಕುನಾಯಿಗಳ ಭೂಗತ ವಿದ್ಯುನ್ಮಾನ ಬೇಲಿ

ಭೂಗತ ವಿದ್ಯುನ್ಮಾನ ಬೇಲಿ ಎಂಬುದು ಸಾಕುನಾಯಿಯು ಮನೆಯ ಅಂಗಳವನ್ನೋ ತೋಟವನ್ನೋ ದಾಟಿ ಹೊರಗೆ ಹೋಗದಂತೆ ತಡೆಯಲು ಬಳಸುವ ಒಂದು ವ್ಯವಸ್ಥೆ. ಗೋಡೆ, ಕಂಬ, ಮುಳ್ಳುತಂತಿ ಮೊದಲಾದ ಕಣ್ಣಿಗೆ ಕಾಣುವ ತಡೆ ಇದರಲ್ಲಿ ಯಾವುದೂ ಇರುವುದಿಲ್ಲ. ಜಾಗದ ಗಡಿಯುದ್ದಕ್ಕೂ ನೆಲದೊಳಗೆ ಹೂತಿರುವ ಒಂದು ತಂತಿ, ಮನೆಯೊಳಗಿನಿಂದ ಆ ತಂತಿಗೆ ಸಂಕೇತ ಕಳುಹಿಸುವ ಟ್ರಾನ್ಸ್‌ಮಿಟರ್ ಹಾಗೂ ನಾಯಿಯ ಕೊರಳಪಟ್ಟಿಗೆ ಕಟ್ಟಿದ ಗ್ರಾಹಕ ಯಂತ್ರ, ಈ ಮೂರು ಇದರ ಮುಖ್ಯ ಅಂಗಗಳು. ನಾಯಿಯು ತಂತಿಯ ಸಮೀಪಕ್ಕೆ ಬಂದಾಗ ಕೊರಳಪಟ್ಟಿಯು ಮೊದಲು ಎಚ್ಚರಿಕೆಯ ಸದ್ದು ಮಾಡುತ್ತದೆ; ನಾಯಿ ಹಿಂದಿರುಗದೆ ಮುಂದುವರಿದರೆ ಅದರ ಕತ್ತಿಗೆ ಅಲ್ಪ ಪ್ರಮಾಣದ ವಿದ್ಯುದಾಘಾತವನ್ನು ಕೊಡುತ್ತದೆ. ಇದನ್ನು ಅದೃಶ್ಯ ಬೇಲಿ ಎಂದೂ ಕರೆಯುವುದುಂಟು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಹುಟ್ಟಿ ಅಲ್ಲಿಯೇ ಹೆಚ್ಚಾಗಿ ಬಳಕೆಯಲ್ಲಿರುವ ಈ ವ್ಯವಸ್ಥೆಯನ್ನು ಕೆಲವು ದೇಶಗಳು ನಿಷೇಧಿಸಿವೆ.

ಕರ್ನಾಟಕದ ಓದುಗರಿಗೆ ವಿದ್ಯುತ್ ಬೇಲಿ ಎಂದೊಡನೆ ನೆನಪಾಗುವುದು ಕಾಡಾನೆ, ಕಾಡುಹಂದಿಗಳ ಹಾವಳಿ ತಡೆಯಲು ಮಲೆನಾಡು, ಕೊಡಗು ಹಾಗೂ ಕಾಡಂಚಿನ ಹಳ್ಳಿಗಳಲ್ಲಿ ಹಾಕುವ ಸೌರ ಬೇಲಿ. ಅದೂ ಇದೂ ಒಂದೇ ಅಲ್ಲ. ಸೌರ ಬೇಲಿಯಲ್ಲಿ ಆಘಾತವು ತಂತಿಯಲ್ಲಿಯೇ ಇರುತ್ತದೆ. ಅದನ್ನು ಮುಟ್ಟಿದ ಪ್ರಾಣಿಯ ಮೈಯ ಮೂಲಕ ವಿದ್ಯುತ್ತು ಭೂಮಿಗೆ ಹರಿದು ಮಂಡಲ ಪೂರ್ಣಗೊಳ್ಳುತ್ತದೆ. ಆದ್ದರಿಂದ ಮುಟ್ಟಿದವರೆಲ್ಲರಿಗೂ, ಆನೆಯಾಗಲಿ ಮನುಷ್ಯನಾಗಲಿ, ಅದು ಹೊಡೆಯುತ್ತದೆ. ಭೂಗತ ಬೇಲಿಯ ತಂತಿಯಲ್ಲಿ ಹರಿಯುವುದು ಸಂಕೇತ ಮಾತ್ರ. ಅದರ ಮೇಲೆ ಬರಿಗಾಲಿನಲ್ಲಿ ನಡೆದರೂ ಏನೂ ತಿಳಿಯುವುದಿಲ್ಲ. ಆಘಾತ ಹುಟ್ಟುವುದು ನಾಯಿಯ ಕೊರಳಲ್ಲಿರುವ ಯಂತ್ರದಲ್ಲಿ, ಅದರ ಸ್ವಂತ ಬ್ಯಾಟರಿಯಿಂದ.

ಇದನ್ನು ಲಕ್ಷ್ಮಣರೇಖೆಗೆ ಹೋಲಿಸುವವರಿದ್ದಾರೆ. ಆದರೆ ಹೋಲಿಕೆ ತಲೆಕೆಳಗಾಗಿದೆ. ಜನಪ್ರಿಯ ಕಥೆಯಲ್ಲಿ ಆ ಗೆರೆ ಹೊರಗಿನಿಂದ ಬರುವವನನ್ನು ತಡೆಯುತ್ತಿತ್ತು, ಒಳಗಿದ್ದ ಸೀತೆ ದಾಟಬಹುದಾಗಿತ್ತು. ಇಲ್ಲಿ ಒಳಗಿರುವ ನಾಯಿಗೆ ಮಾತ್ರ ತಡೆ. ಹೊರಗಿನಿಂದ ಬರುವವರಿಗೆ ಏನೂ ಇಲ್ಲ. ಈ ವ್ಯವಸ್ಥೆಯ ಬಹುಪಾಲು ತೊಡಕುಗಳು ಈ ಒಂದು ಸಂಗತಿಯಿಂದಲೇ ಹುಟ್ಟುತ್ತವೆ.

ಇತಿಹಾಸ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ನಗರಗಳ ಹೊರವಲಯದಲ್ಲಿ ಬೆಳೆದ ಬಡಾವಣೆಗಳಲ್ಲಿ ಮನೆಯ ಮುಂದೆ ಹುಲ್ಲುಹಾಸು ಇರುವುದು, ಅಕ್ಕಪಕ್ಕದ ಮನೆಗಳ ಹುಲ್ಲುಹಾಸುಗಳು ನಡುವೆ ಗೋಡೆಯಿಲ್ಲದೆ ಒಂದಕ್ಕೊಂದು ಕೂಡಿಕೊಂಡಿರುವುದು ಸಾಮಾನ್ಯ ದೃಶ್ಯ. ಅನೇಕ ಬಡಾವಣೆಗಳಲ್ಲಿ ನಿವಾಸಿಗಳ ಸಂಘದ ಕರಾರುಗಳೇ ಮುಂಭಾಗದಲ್ಲಿ ಬೇಲಿ ಹಾಕುವುದನ್ನು ನಿರ್ಬಂಧಿಸುತ್ತವೆ. ಇನ್ನೊಂದೆಡೆ, ನಾಯಿಯನ್ನು ಬೀದಿಗೆ ಬಿಡಬಾರದೆಂಬ ಸ್ಥಳೀಯ ಕಾನೂನುಗಳೂ ಇವೆ. ಗೋಡೆ ಕಟ್ಟುವಂತಿಲ್ಲ, ನಾಯಿಯನ್ನು ಬಿಡುವಂತಿಲ್ಲ. ಉಳಿದ ದಾರಿ ಸರಪಳಿ. ದಿನವಿಡೀ ಸರಪಳಿಯಲ್ಲಿರುವ ನಾಯಿಯ ಅವಸ್ಥೆ ಎಂಥದ್ದೆಂದು ನಾಯಿ ಸಾಕಿದವರಿಗೆಲ್ಲ ಗೊತ್ತು. ಅದೃಶ್ಯ ಬೇಲಿಗೆ ಮಾರುಕಟ್ಟೆ ಸಿದ್ಧವಾದದ್ದು ಈ ಇಕ್ಕಟ್ಟಿನಿಂದ.

ರಿಚರ್ಡ್ ಪೆಕ್ ಎಂಬ ಅಮೆರಿಕನ್ನನು ಈ ವ್ಯವಸ್ಥೆಯನ್ನು ರೂಪಿಸಿ 1973ರಲ್ಲಿ ಪೇಟೆಂಟ್ ಪಡೆದನು. ಅದರ ಆಧಾರದ ಮೇಲೆ ಬೆಳೆದ ಕಂಪನಿಯ ಮುದ್ರೆಯ ಹೆಸರು ‘ಇನ್ವಿಸಿಬಲ್ ಫೆನ್ಸ್’. ನಮ್ಮಲ್ಲಿ ಯಾವ ನಕಲುಪ್ರತಿಯನ್ನೂ ‘ಜೆರಾಕ್ಸ್’ ಎನ್ನುವಂತೆ, ಅಮೆರಿಕದಲ್ಲಿ ಯಾವ ಕಂಪನಿಯ ಭೂಗತ ಬೇಲಿಯನ್ನೂ ಜನ ಆ ಹೆಸರಿನಿಂದಲೇ ಕರೆಯುವುದು ರೂಢಿಗೆ ಬಂತು. ಆಗಿನ ಅಮೆರಿಕದ ಕಾನೂನಿನಂತೆ ಪೇಟೆಂಟಿನ ಅವಧಿ ಮಂಜೂರಾದಂದಿನಿಂದ 17 ವರ್ಷ. 1990ರ ಹೊತ್ತಿಗೆ ಅದು ಮುಗಿದಾಗ ಬೇರೆ ತಯಾರಕರಿಗೂ ಬಾಗಿಲು ತೆರೆಯಿತು. ಟೆನೆಸಿ ರಾಜ್ಯದ ನಾಕ್ಸ್‌ವಿಲ್ ನಗರದಲ್ಲಿ ರ‍್ಯಾಂಡಿ ಬಾಯ್ಡ್ 1991ರಲ್ಲಿ ಆರಂಭಿಸಿದ ರೇಡಿಯೋ ಸಿಸ್ಟಮ್ಸ್ ಕಾರ್ಪೊರೇಷನ್ ‘ಪೆಟ್‌ಸೇಫ್’ ಮುದ್ರೆಯಲ್ಲಿ ಇಂತಹ ಬೇಲಿಗಳನ್ನು ಮಾರತೊಡಗಿತು. 2006ರಲ್ಲಿ ಮೂಲ ಇನ್ವಿಸಿಬಲ್ ಫೆನ್ಸ್ ಸಂಸ್ಥೆಯನ್ನೂ ಕೊಂಡುಕೊಂಡಿತು. ಮೊದಲು ಕಂಪನಿಯ ತಂತ್ರಜ್ಞರೇ ಬಂದು ಹೂಳಿಕೊಡುತ್ತಿದ್ದ ವ್ಯವಸ್ಥೆಯು ಕ್ರಮೇಣ ಪೆಟ್ಟಿಗೆಯಲ್ಲಿ ತಂದು ಮನೆಯವರೇ ಹಾಕಿಕೊಳ್ಳಬಹುದಾದ ಸಾಮಗ್ರಿಯಾಯಿತು. ಬೆಲೆ ಇಳಿಯಿತು. ಅದರ ಜೊತೆಗೆ, ತರಬೇತಿ ಕೊಡುವ ಪರಿಣತನೂ ಚಿತ್ರದಿಂದ ಮರೆಯಾದನು.

ರಚನೆ ಮತ್ತು ಕಾರ್ಯವಿಧಾನ

ಟ್ರಾನ್ಸ್‌ಮಿಟರನ್ನು ಸಾಮಾನ್ಯವಾಗಿ ಗ್ಯಾರೇಜು, ನೆಲಮಾಳಿಗೆ ಅಥವಾ ಮಳೆಗೆ ನೆನೆಯದ ಗೋಡೆಯ ಮೇಲೆ ಕೂರಿಸಿ ಮನೆಯ ವಿದ್ಯುತ್ ಪ್ಲಗ್ಗಿಗೆ ಜೋಡಿಸುತ್ತಾರೆ. ಇದು ಮನೆಯ ವಿದ್ಯುತ್ತನ್ನು ತಗ್ಗಿಸಿ, ಕಡಿಮೆ ಆವರ್ತನದ ರೇಡಿಯೋ ಸಂಕೇತವಾಗಿ, ಬಹುಪಾಲು ಮಾದರಿಗಳಲ್ಲಿ ಹತ್ತು ಕಿಲೋಹರ್ಟ್ಸ್ ಆಸುಪಾಸಿನಲ್ಲಿ, ತಂತಿಗೆ ಹರಿಸುತ್ತದೆ. ತಂತಿಯು ಟ್ರಾನ್ಸ್‌ಮಿಟರಿನ ಒಂದು ತುದಿಯಿಂದ ಹೊರಟು ಜಾಗವನ್ನು ಪ್ರದಕ್ಷಿಣೆ ಹಾಕಿ ಇನ್ನೊಂದು ತುದಿಗೆ ಮರಳಿ ಸೇರಲೇಬೇಕು. ಈ ಸುತ್ತು ಎಲ್ಲಿಯಾದರೂ ಕಡಿದರೆ ಪ್ರವಾಹವೇ ಇರುವುದಿಲ್ಲ, ಬೇಲಿಯೂ ಇರುವುದಿಲ್ಲ. ಆದ್ದರಿಂದಲೇ ತಂತಿ ತುಂಡಾದರೆ ಕೂಗುವ ಎಚ್ಚರಿಕೆ ಗಂಟೆಯನ್ನು ಟ್ರಾನ್ಸ್‌ಮಿಟರಿನಲ್ಲಿಯೇ ಇಟ್ಟಿರುತ್ತಾರೆ.

ಪ್ರವಾಹವಿರುವ ತಂತಿಯ ಸುತ್ತ ಕಾಂತಕ್ಷೇತ್ರ ಉಂಟಾಗುತ್ತದೆ ಎಂಬುದು ಪ್ರೌಢಶಾಲೆಯ ಭೌತಶಾಸ್ತ್ರದ ಪಾಠ. ಪ್ರವಾಹವು ದಿಕ್ಕು ಬದಲಿಸುತ್ತಿದ್ದರೆ ಕ್ಷೇತ್ರವೂ ಬದಲಾಗುತ್ತಿರುತ್ತದೆ. ಬದಲಾಗುವ ಕ್ಷೇತ್ರದಲ್ಲಿರುವ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗುತ್ತದೆ ಎಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟಿದ್ದನು. ಕೊರಳಪಟ್ಟಿಯೊಳಗೆ ಇರುವುದು ಅಂತಹ ಸಣ್ಣ ಸುರುಳಿಗಳೇ. ನಾಯಿ ಕತ್ತನ್ನು ಯಾವ ಕಡೆಗೆ ತಿರುಗಿಸಿದರೂ ಸಂಕೇತ ತಪ್ಪಬಾರದೆಂದು ಉತ್ತಮ ಮಾದರಿಗಳಲ್ಲಿ ಒಂದಕ್ಕೊಂದು ಲಂಬವಾಗಿರುವ ಮೂರು ಸುರುಳಿಗಳನ್ನು ಇಡುತ್ತಾರೆ. ತಂತಿಯಿಂದ ದೂರ ಹೋದಂತೆ ಕ್ಷೇತ್ರ ಕ್ಷೀಣಿಸುವುದರಿಂದ, ಸುರುಳಿಯಲ್ಲಿ ಹುಟ್ಟುವ ಸಂಕೇತದ ಬಲವನ್ನು ನೋಡಿ ಯಂತ್ರವು ದೂರವನ್ನು ಅಂದಾಜು ಮಾಡುತ್ತದೆ. ಒಂದು ಮಟ್ಟ ಮೀರಿದರೆ ಸದ್ದು ಅಥವಾ ಕಂಪನ. ಅದಕ್ಕಿಂತ ಹೆಚ್ಚಿನ ಮಟ್ಟದಲ್ಲಿ ಅಥವಾ ಸ್ವಲ್ಪ ಸಮಯ ಕಳೆದ ಮೇಲೆ ಆಘಾತ. ತಂತಿಯ ಎರಡೂ ಪಕ್ಕಗಳಲ್ಲಿರುವ ಈ ಪಟ್ಟಿಯ ಅಗಲವನ್ನು ಟ್ರಾನ್ಸ್‌ಮಿಟರಿನ ಗುಂಡಿ ತಿರುಗಿಸಿ ಹೆಚ್ಚು ಕಡಿಮೆ ಮಾಡಬಹುದು.

ಆಘಾತ ಕೊಡುವುದು ಕೊರಳಪಟ್ಟಿಯ ಒಳಮೈಯಿಂದ ಚಾಚಿದ ಎರಡು ಲೋಹದ ಮೊಳೆಗಳು. ಇವು ರೋಮದ ನಡುವೆ ತೂರಿ ಚರ್ಮವನ್ನು ಮುಟ್ಟುತ್ತಿರಬೇಕು. ಬ್ಯಾಟರಿಯ ಕೆಲವೇ ವೋಲ್ಟನ್ನು ಪುಟ್ಟ ಟ್ರಾನ್ಸ್‌ಫಾರ್ಮರಿನಿಂದ ಬಹಳ ಹೆಚ್ಚಿಸಿ, ಅತ್ಯಲ್ಪ ಅವಧಿಯ ಮಿಡಿತಗಳಾಗಿ ಈ ಎರಡು ಮೊಳೆಗಳ ನಡುವೆ ಹರಿಸಲಾಗುತ್ತದೆ. ವಿದ್ಯುತ್ತು ಒಂದು ಮೊಳೆಯಿಂದ ಇನ್ನೊಂದಕ್ಕೆ, ಅಂದರೆ ಕತ್ತಿನ ಒಂದು ಸಣ್ಣ ಭಾಗದಲ್ಲಿ ಮಾತ್ರ ಹರಿಯುತ್ತದೆ. ಹೃದಯದ ಮೂಲಕ ಹಾಯ್ದು ನೆಲಕ್ಕೆ ಹೋಗುವುದಿಲ್ಲ. ಜಾನುವಾರುಗಳ ವಿದ್ಯುತ್ ಬೇಲಿಯ ಮಿಡಿತದ ಶಕ್ತಿಯನ್ನು ಜೂಲುಗಳಲ್ಲಿ ಅಳೆದರೆ, ಇದನ್ನು ಜೂಲಿನ ಸಾವಿರದ ಪಾಲುಗಳಲ್ಲಿ ಅಳೆಯಬೇಕು. ನಾಯಿ ಗಾಬರಿಯಿಂದ ಗಡಿಯಲ್ಲಿಯೇ ನಿಂತುಬಿಟ್ಟರೆ ಆಘಾತ ಮುಂದುವರಿಯದಂತೆ ಕೆಲವು ಸೆಕೆಂಡುಗಳ ನಂತರ ತಾನಾಗಿ ನಿಲ್ಲುವ ಏರ್ಪಾಡು ಇರುತ್ತದೆ.

ತಯಾರಕರು ಆಘಾತ ಎಂಬ ಮಾತನ್ನು ಬಳಸುವುದಿಲ್ಲ. ಅವರ ಕೈಪಿಡಿಗಳಲ್ಲಿ ಅದು ‘ಸ್ಥಿರ ವಿದ್ಯುತ್ತಿನ ತಿದ್ದುಪಡಿ’. ಚಳಿಗಾಲದಲ್ಲಿ ಉಣ್ಣೆಯ ರತ್ನಗಂಬಳಿಯ ಮೇಲೆ ನಡೆದು ಬಾಗಿಲಿನ ಹಿಡಿಯನ್ನು ಮುಟ್ಟಿದಾಗ ಆಗುವ ಚುರುಕಿಗೆ ಅದನ್ನು ಹೋಲಿಸುತ್ತಾರೆ. ವಾಸ್ತವದಲ್ಲಿ ಇದು ಸ್ಥಿರ ವಿದ್ಯುತ್ತಲ್ಲ, ಮಿಡಿಮಿಡಿದು ಹರಿಯುವ ವಿದ್ಯುತ್ತು. ಅತಿ ಕಡಿಮೆ ಮಟ್ಟದಲ್ಲಿ ಚಿವುಟಿದಂತೆ, ಹೆಚ್ಚಿನ ಮಟ್ಟದಲ್ಲಿ ಸ್ಪಷ್ಟವಾದ ನೋವಾಗಿ ಅದು ಅನುಭವಕ್ಕೆ ಬರುತ್ತದೆ. ನೋವೇ ಆಗದಿದ್ದರೆ ಈ ವ್ಯವಸ್ಥೆ ಕೆಲಸ ಮಾಡುವುದೇ ಇಲ್ಲ ಎಂಬುದನ್ನು ಮರೆಯಬಾರದು. ಆಘಾತವನ್ನು ಪೂರ್ತಿ ತೆಗೆದುಹಾಕಿ ಸದ್ದು, ಕಂಪನಗಳನ್ನು ಮಾತ್ರ ಉಳಿಸಿಕೊಳ್ಳುವ ಅವಕಾಶವೂ ಹಲವು ಮಾದರಿಗಳಲ್ಲಿದೆ.

ಅಳವಡಿಕೆ

ತಂತಿಯನ್ನು ಸಾಮಾನ್ಯವಾಗಿ ಎರಡರಿಂದ ಎಂಟು ಸೆಂಟಿಮೀಟರ್ ಆಳದ ಸಣ್ಣ ಸೀಳಿನಲ್ಲಿ ಇಟ್ಟು ಮುಚ್ಚುತ್ತಾರೆ. ಸಂಕೇತಕ್ಕೆ ಆಳ ಅಗತ್ಯವಿಲ್ಲ. ಹೂಳುವುದು ಹುಲ್ಲು ಕತ್ತರಿಸುವ ಯಂತ್ರದಿಂದಲೂ ಗುದ್ದಲಿಯಿಂದಲೂ ತಂತಿಯನ್ನು ಉಳಿಸಿಕೊಳ್ಳಲು ಮಾತ್ರ. ಕಾರು ಹೋಗುವ ಕಾಂಕ್ರೀಟ್ ಹಾದಿಯಲ್ಲಿ ಗರಗಸದಿಂದ ಗೀರು ಕೊರೆದು ತಂತಿ ಇಟ್ಟು ಮೇಲೆ ಮೆತ್ತುತ್ತಾರೆ. ಎರಡು ತಂತಿಗಳನ್ನು ಸೇರಿಸುವ ಕಡೆ ನೀರು ಇಳಿಯದಂತೆ ಮುಚ್ಚಿದ ಜೋಡಣೆ ಬೇಕು. ಹೆಚ್ಚಿನ ಬೇಲಿಗಳು ಕೆಡುವುದು ಈ ಜೋಡಣೆಗಳಲ್ಲಿಯೇ.

ಅಳವಡಿಕೆಯಲ್ಲಿ ಗಮನಿಸಬೇಕಾದ ಕೆಲವು ಸೂಕ್ಷ್ಮಗಳಿವೆ. ಮನೆಯಿಂದ ಗಡಿಯವರೆಗೆ ಹೋಗುವ ತಂತಿಯೂ ಗಡಿಯಿಂದ ಮರಳುವ ತಂತಿಯೂ ಅಂಗಳದ ನಡುವೆಯೇ ಹಾಯಬೇಕಾಗುತ್ತದೆ. ಅಲ್ಲಿ ಆಘಾತವಾದರೆ ಅಂಗಳವೇ ಎರಡು ಹೋಳಾದಂತೆ. ಆದ್ದರಿಂದ ಆ ಎರಡು ತಂತಿಗಳನ್ನು ಒಂದಕ್ಕೊಂದು ಹುರಿಗೊಳಿಸಿ ಇಡುತ್ತಾರೆ. ಎರಡರಲ್ಲಿಯೂ ಪ್ರವಾಹ ವಿರುದ್ಧ ದಿಕ್ಕಿನದಾದ್ದರಿಂದ ಕ್ಷೇತ್ರಗಳು ಪರಸ್ಪರ ರದ್ದಾಗಿ ನಾಯಿ ಅದರ ಮೇಲೆ ನಿರ್ಭಯವಾಗಿ ಓಡಾಡಬಹುದು. ಇದೇ ಕಾರಣದಿಂದ, ಮನೆಯ ಮುಂಭಾಗವನ್ನು ಮಾತ್ರ ಕಾಯಬೇಕೆಂದು ತಂತಿಯನ್ನು ಹೋದ ದಾರಿಯಲ್ಲಿಯೇ ಮರಳಿ ತರುವವರು ಎರಡು ಸಾಲುಗಳ ನಡುವೆ ಒಂದೂವರೆ ಮೀಟರಿಗೂ ಹೆಚ್ಚು ಅಂತರ ಬಿಡಬೇಕು; ಇಲ್ಲವಾದರೆ ಬೇಲಿಯೇ ತನ್ನನ್ನು ತಾನು ಅಳಿಸಿಕೊಳ್ಳುತ್ತದೆ. ಮೂಲೆಗಳನ್ನು ನೇರ ಕೋನವಾಗಿ ಮಡಿಸದೆ ದುಂಡಗೆ ತಿರುಗಿಸಬೇಕು. ವಿದ್ಯುತ್, ಟೆಲಿಫೋನ್ ಅಥವಾ ಕೇಬಲ್ ಟಿ.ವಿ. ತಂತಿಗಳಿಗೆ ಸಮಾನಾಂತರವಾಗಿ ಹತ್ತಿರದಲ್ಲಿ ಹಾಕಿದರೆ ಸಂಕೇತವು ಆ ತಂತಿಗಳಿಗೆ ಹತ್ತಿಕೊಂಡು ಮನೆಯೊಳಗೆ ಟಿ.ವಿ. ಪಕ್ಕದಲ್ಲಿ ಮಲಗಿದ ನಾಯಿಗೂ ಆಘಾತ ತಗುಲಬಹುದು. ದಾಟಲೇಬೇಕಾದಲ್ಲಿ ಲಂಬವಾಗಿ ದಾಟಿಸುತ್ತಾರೆ. ಉದ್ದನೆಯ ತಂತಿ ನೆಲದಲ್ಲಿರುವುದರಿಂದ ಸಿಡಿಲಿನ ಅಪಾಯವೂ ಇದೆ. ಸಿಡಿಲು ನಿರೋಧಕವಿಲ್ಲದ ಟ್ರಾನ್ಸ್‌ಮಿಟರು ಮಳೆಗಾಲಕ್ಕೆ ಮೊದಲೇ ಸುಟ್ಟುಹೋಗುವುದುಂಟು.

ನಾಯಿ ಗಡಿಯನ್ನು ಕಲಿಯುವ ಬಗೆ

ತಂತಿ ಹೂತು ಪಟ್ಟಿ ಕಟ್ಟಿ ನಾಯಿಯನ್ನು ಬಿಟ್ಟರೆ ಆಗುವುದು ತರಬೇತಿಯಲ್ಲ, ಹಿಂಸೆ. ಎಲ್ಲಿಂದ ಬಂತೆಂದು ತಿಳಿಯದ ನೋವಿಗೆ ನಾಯಿ ಮುಂದಕ್ಕೂ ಓಡಬಹುದು, ಹಿಂದಕ್ಕೂ ಓಡಬಹುದು. ಆದ್ದರಿಂದ ಆರಂಭದಲ್ಲಿ ಗಡಿಯುದ್ದಕ್ಕೂ ಒಂದೆರಡು ಮೀಟರಿಗೊಂದರಂತೆ ಸಣ್ಣ ಬಿಳಿಯ ಬಾವುಟಗಳನ್ನು ನೆಡುತ್ತಾರೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋದ ಕನ್ನಡಿಗ ತಂದೆತಾಯಂದಿರು ನೆರೆಮನೆಯ ಹುಲ್ಲುಹಾಸಿನಲ್ಲಿ ಇಂತಹ ಬಾವುಟಗಳ ಸಾಲನ್ನು ಕಂಡು ಏನಿರಬಹುದೆಂದು ಕೇಳುವುದುಂಟು.

ಮೊದಲ ಕೆಲವು ದಿನ ಆಘಾತವನ್ನು ಬಂದ್ ಮಾಡಿ, ನಾಯಿಯನ್ನು ಹಗ್ಗದಲ್ಲಿ ಹಿಡಿದು ಬಾವುಟಗಳ ಹತ್ತಿರ ಕರೆದೊಯ್ಯುತ್ತಾರೆ. ಸದ್ದು ಕೇಳಿಸಿದ ಕೂಡಲೇ ಮೃದುವಾಗಿ ಹಿಂದಕ್ಕೆ ಎಳೆದು, ಹಿಂದಿರುಗಿದ್ದಕ್ಕೆ ತಿಂಡಿ ಕೊಟ್ಟು ಮೈದಡವುತ್ತಾರೆ. ಸದ್ದಿಗೆ ತಾನಾಗಿ ತಿರುಗುವುದನ್ನು ಕಲಿತ ಮೇಲೆ ಅತಿ ಕಡಿಮೆ ಮಟ್ಟದಿಂದ ಆಘಾತವನ್ನು ಆರಂಭಿಸುತ್ತಾರೆ. ನಾಯಿ ಕಿವಿ ನಿಮಿರಿಸಿ ಕತ್ತು ಕೊಡವಿದರೆ ಆ ಮಟ್ಟ ಸಾಕು. ಕಿರುಚಿದರೆ ಹೆಚ್ಚಾಯಿತೆಂದು ಅರ್ಥ. ಅನಂತರ ಗಡಿಯಾಚೆ ಚೆಂಡು ಎಸೆದು, ಮನೆಯವರೊಬ್ಬರನ್ನು ನಿಲ್ಲಿಸಿ, ಬೇರೊಂದು ನಾಯಿಯನ್ನು ನಡೆಸಿ ಪರೀಕ್ಷಿಸುತ್ತಾರೆ. ದಿನಕ್ಕೆ ಹತ್ತು ಹದಿನೈದು ನಿಮಿಷದ ಎರಡು ಮೂರು ಪಾಠಗಳಂತೆ ಇದು ಎರಡು ವಾರವಾದರೂ ಹಿಡಿಯುತ್ತದೆ. ಬಾವುಟಗಳನ್ನು ಒಮ್ಮೆಗೇ ಕೀಳದೆ ಒಂದು ಬಿಟ್ಟು ಒಂದರಂತೆ ತೆಗೆಯುತ್ತಾರೆ. ಸಾಮಾನ್ಯವಾಗಿ ಆರು ತಿಂಗಳಿಗಿಂತ ಚಿಕ್ಕ ಮರಿಗಳಿಗೆ ಇದನ್ನು ಬಳಸಬಾರದೆಂದು ತಯಾರಕರೇ ಹೇಳುತ್ತಾರೆ.

ನಡಿಗೆಗೆ ಕರೆದೊಯ್ಯುವಾಗ ಕೊರಳಪಟ್ಟಿಯನ್ನು ಬಿಚ್ಚಿ, ಯಾವಾಗಲೂ ಒಂದೇ ಜಾಗದಲ್ಲಿ, ಹಗ್ಗದಲ್ಲಿಯೋ ಕಾರಿನಲ್ಲಿಯೋ ಗಡಿ ದಾಟಿಸಬೇಕು. ಪಟ್ಟಿ ಬಿಚ್ಚುವುದನ್ನು ಮರೆತು ನಾಯಿಯನ್ನು ಎಳೆದುಕೊಂಡು ಹೋದರೆ ಯಜಮಾನನ ಮಾತನ್ನು ನಂಬಿದ್ದಕ್ಕೇ ಶಿಕ್ಷೆಯಾದಂತಾಗುತ್ತದೆ.

ಮನಶ್ಶಾಸ್ತ್ರದಲ್ಲಿ ಇದಕ್ಕೆ ತಪ್ಪಿಸಿಕೊಳ್ಳುವ ಕಲಿಕೆ ಎನ್ನುತ್ತಾರೆ. ಇವಾನ್ ಪಾವ್ಲೋವ್ ತೋರಿಸಿದಂತೆ ಸದ್ದು ನೋವಿನ ಮುನ್ಸೂಚನೆಯಾಗುತ್ತದೆ. ಆಮೇಲೆ ಸದ್ದಿಗೆ ಹಿಂದೆ ಸರಿದರೆ ನೋವು ತಪ್ಪುತ್ತದೆ ಎಂಬ ಫಲವೇ ಆ ನಡವಳಿಕೆಯನ್ನು ಗಟ್ಟಿಗೊಳಿಸುತ್ತದೆ. ರಿಚರ್ಡ್ ಸಾಲಮನ್ ಮತ್ತು ಲೈಮನ್ ವಿನ್ 1953ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಎಚ್ಚರಿಕೆಯ ಸೂಚನೆ ಕಂಡ ಕೂಡಲೇ ತಡೆ ಹಾರಿ ಆಘಾತ ತಪ್ಪಿಸಿಕೊಳ್ಳಲು ಕಲಿತ ನಾಯಿಗಳು, ಆಘಾತವನ್ನು ಸಂಪೂರ್ಣ ನಿಲ್ಲಿಸಿದ ಮೇಲೂ ಬಹುಕಾಲ ಹಾರುತ್ತಲೇ ಇದ್ದವು. ಚೆನ್ನಾಗಿ ಕಲಿತ ಕೆಲವು ನಾಯಿಗಳು ಪಟ್ಟಿಯ ಬ್ಯಾಟರಿ ಮುಗಿದಿದ್ದರೂ ಗಡಿ ದಾಟದಿರುವುದಕ್ಕೆ ಕಾರಣ ಇದು. ಎಲ್ಲ ನಾಯಿಗಳೂ ಹಾಗಲ್ಲ. ಪ್ರತಿದಿನ ಗಡಿಯ ಅಂಚಿಗೆ ಹೋಗಿ ಸದ್ದು ಕೇಳಿಸುತ್ತದೆಯೇ ಎಂದು ಪರೀಕ್ಷಿಸಿ, ಕೇಳಿಸದ ದಿನ ಹೊರಟುಬಿಡುವ ಜಾಣರೂ ಇದ್ದಾರೆ.

ಇದಕ್ಕೆ ವಿರುದ್ಧವಾದ ಸ್ಥಿತಿಯನ್ನು ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ವರದಿ ಮಾಡಿದರು. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ಆಘಾತಕ್ಕೆ ಒಳಗಾದ ನಾಯಿಗಳಲ್ಲಿ ಹೆಚ್ಚಿನವು, ಮುಂದೆ ತಪ್ಪಿಸಿಕೊಳ್ಳುವ ದಾರಿ ಇದ್ದಾಗಲೂ ಪ್ರಯತ್ನಿಸದೆ ಸುಮ್ಮನೆ ಮಲಗಿ ಸಹಿಸಿಕೊಂಡವು. ಹಾಗಾಗಿ ಆಘಾತದ ಪ್ರಮಾಣವೊಂದೇ ಮುಖ್ಯವಲ್ಲ. ಅದು ಏಕೆ ಬಂತು, ಹೇಗೆ ತಪ್ಪಿಸಿಕೊಳ್ಳಬೇಕು ಎಂಬುದು ನಾಯಿಗೆ ತಿಳಿದಿದೆಯೇ ಎಂಬುದೂ ಅಷ್ಟೇ ಮುಖ್ಯ. ಜರ್ಮನಿಯಲ್ಲಿ ಎಸ್ತರ್ ಶಾಲ್ಕೆ ಮತ್ತು ಸಂಗಡಿಗರು 14 ಬೀಗಲ್ ನಾಯಿಗಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ. ಯದ್ವಾತದ್ವಾ ಆಘಾತ ಪಡೆದ ನಾಯಿಗಳಲ್ಲಿ ಒತ್ತಡದ ಹಾರ್ಮೋನು ಅತಿ ಹೆಚ್ಚು ಏರಿತ್ತು; ಒಂದು ನಿರ್ದಿಷ್ಟ ಕೃತ್ಯಕ್ಕೆ ಮಾತ್ರ ಆಘಾತವೆಂದು ಸ್ಪಷ್ಟವಾಗಿ ತಿಳಿದ ನಾಯಿಗಳಲ್ಲಿ ಹಾಗಿರಲಿಲ್ಲ.

ಮಿತಿಗಳು

ಮೊದಲನೆಯದಾಗಿ, ಈ ಬೇಲಿ ಯಾರನ್ನೂ ಒಳಗೆ ಬರದಂತೆ ತಡೆಯುವುದಿಲ್ಲ. ಬೀದಿನಾಯಿ, ಹಾವು, ಕಾಡುಪ್ರಾಣಿ, ಕಳ್ಳ ಎಲ್ಲರಿಗೂ ಅಂಗಳ ತೆರೆದೇ ಇರುತ್ತದೆ. ಹೊರಗಿನ ನಾಯಿ ಮೇಲೆ ಬಿದ್ದಾಗ ಪಟ್ಟಿ ಕಟ್ಟಿದ ನಾಯಿ ಓಡಿಹೋಗಿ ಪಾರಾಗಲೂ ಹೆದರುತ್ತದೆ. ಎಲ್ಲಕ್ಕಿಂತ ಹೆಚ್ಚಿನ ಅಪಾಯ ಚಿಕ್ಕ ಮಕ್ಕಳಿಗೆ. ಗೋಡೆ ಇದ್ದರೆ ಮಗು ಹೊರಗೇ ನಿಲ್ಲುತ್ತದೆ. ಕಾಣದ ಬೇಲಿಯನ್ನು ಅದು ತಿಳಿಯದೆ ದಾಟಿ ನಾಯಿಯ ಎದುರಿಗೆ ಬಂದುಬಿಡಬಹುದು. ಕಚ್ಚುವ ಸ್ವಭಾವದ ನಾಯಿಗೆ ಇದು ಬೇಲಿಯೇ ಅಲ್ಲ ಎಂಬ ವಿಷಯದಲ್ಲಿ ಬೇಲಿಯ ಪರವಾಗಿರುವವರೂ ಒಪ್ಪುತ್ತಾರೆ.

ಎರಡನೆಯದು ವೇಗ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡುವ ನಾಯಿ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ದಾಟುತ್ತದೆ. ಆಘಾತದ ಪಟ್ಟಿ ಎರಡು ಮೀಟರ್ ಅಗಲವಿದ್ದರೆ ಅದನ್ನು ಹಾಯಲು ಸೆಕೆಂಡಿನ ಐದನೆಯ ಒಂದು ಭಾಗವೂ ಬೇಡ. ಮೊಲವನ್ನೋ ಬೆಕ್ಕನ್ನೋ ಅಟ್ಟಿಸಿಕೊಂಡು ಹೋಗುವ ನಾಯಿಗೆ ಆ ಕ್ಷಣದಲ್ಲಿ ನೋವು ತಿಳಿಯುವುದರೊಳಗೆ ಅದು ಆಚೆ ಇರುತ್ತದೆ. ಮುಧೋಳ ನಾಯಿಯಂತೆ ಕಣ್ಣಿಂದ ಬೇಟೆಯನ್ನು ಕಂಡು ಬೆನ್ನಟ್ಟುವ ತಳಿಗಳಿಗೆ, ಹಸ್ಕಿಯಂತಹ ದೂರ ಓಡುವ ತಳಿಗಳಿಗೆ ಈ ಬೇಲಿ ಹೊಂದದಿರುವುದು ಸಹಜ. ಪಟಾಕಿಗೆ, ಗುಡುಗಿಗೆ ಬೆದರಿದ ನಾಯಿಯೂ ಹೀಗೆಯೇ ದಾಟಿಬಿಡುತ್ತದೆ.

ದಾಟಿದ ಮೇಲೆ ಕಥೆ ಇನ್ನೂ ವಿಚಿತ್ರ. ಉದ್ವೇಗ ಇಳಿದು ಮನೆಗೆ ಹಿಂದಿರುಗುವಾಗ ಅದೇ ಪಟ್ಟಿಯನ್ನು ಮತ್ತೆ ದಾಟಬೇಕು. ಈಗ ಬೆನ್ನಟ್ಟುವ ಉತ್ಸಾಹವಿಲ್ಲ, ನೋವಿನ ನೆನಪು ಮಾತ್ರ ಇದೆ. ತನ್ನ ಮನೆ ಕಣ್ಣೆದುರಿಗೇ ಇದ್ದರೂ ನಾಯಿ ರಸ್ತೆಯಲ್ಲಿಯೇ ನಿಂತಿರುತ್ತದೆ. ಹೊರಗೆ ಹೋಗುವಾಗ ತಡೆಯದ ಬೇಲಿ, ಒಳಗೆ ಬರುವಾಗ ತಡೆಯುತ್ತದೆ. ಇತ್ತೀಚಿನ ಕೆಲವು ಮಾದರಿಗಳು ಹಿಂದಿರುಗುವ ನಾಯಿಯನ್ನು ಗುರುತಿಸಿ ಸುಮ್ಮನಿರುತ್ತವೆ.

ಓಹಾಯೋ ರಾಜ್ಯದಲ್ಲಿ 974 ಮಂದಿ ನಾಯಿ ಸಾಕುವವರನ್ನು ವಿಚಾರಿಸಿ 2017ರಲ್ಲಿ ಅಮೆರಿಕದ ಪಶುವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ವಿದ್ಯುನ್ಮಾನ ಬೇಲಿಯಲ್ಲಿದ್ದ ನಾಯಿಗಳಲ್ಲಿ ಶೇ. 44ರಷ್ಟು ಒಮ್ಮೆಯಾದರೂ ತಪ್ಪಿಸಿಕೊಂಡಿದ್ದವು. ಕಣ್ಣಿಗೆ ಕಾಣುವ ಬೇಲಿಯೊಳಗಿನ ನಾಯಿಗಳಲ್ಲಿ ಇದು ಶೇ. 23. ಅಂಕಿ ಎರಡೂ ಕಡೆ ಸೊನ್ನೆಯಲ್ಲ ಎಂಬುದನ್ನೂ ಗಮನಿಸಬೇಕು: ಗೋಡೆಯ ಕೆಳಗೆ ತೋಡುವ, ಮೇಲಿಂದ ಹಾರುವ ನಾಯಿಗಳೂ ಇವೆ. ಅಂತಹ ನಾಯಿಗಳಿಗಾಗಿ ಇರುವ ಗೋಡೆಯ ಬುಡದಲ್ಲಿಯೇ ಭೂಗತ ತಂತಿ ಹಾಕುವ ಪದ್ಧತಿಯೂ ಇದೆ.

ನಾಯಿಯ ಕ್ಷೇಮ ಮತ್ತು ವಿವಾದ

ಬೇಲಿಯ ಪರವಾದ ವಾದ ಸರಳವಾಗಿದೆ. ಚೆನ್ನಾಗಿ ಕಲಿತ ನಾಯಿಗೆ ಜೀವಮಾನದಲ್ಲಿ ಹತ್ತಿಪ್ಪತ್ತು ಬಾರಿ ಮಾತ್ರ ಆಘಾತ ತಗುಲಬಹುದು; ಅದಕ್ಕೆ ಬದಲಾಗಿ ಸರಪಳಿಯಿಲ್ಲದ ಬದುಕು ಸಿಗುತ್ತದೆ, ರಸ್ತೆಯಲ್ಲಿ ವಾಹನದಡಿ ಸಿಲುಕಿ ಸಾಯುವುದು ತಪ್ಪುತ್ತದೆ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು ಇಂತಹ ಬೇಲಿಯಲ್ಲಿ ದೀರ್ಘಕಾಲದಿಂದ ಇದ್ದ ಬೆಕ್ಕುಗಳನ್ನು ಬೇಲಿಯಿಲ್ಲದ ಬೆಕ್ಕುಗಳೊಂದಿಗೆ ಹೋಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೀರ್ಘಾವಧಿಯ ಹಾನಿ ಕಂಡುಬರಲಿಲ್ಲ. ಇದು ಬೆಕ್ಕುಗಳ ಕುರಿತದ್ದು. ನಾಯಿಗಳಿಗೆ ಹಾಗೆಯೇ ಅನ್ವಯಿಸಬಹುದೆಂದು ಭಾವಿಸಲು ಆಧಾರ ಸಾಲದು.

ವಿರೋಧಿಸುವವರ ವಾದ ಎರಡು ಬಗೆಯದು. ಬಹುಮಾನದಿಂದ ಕಲಿಸಬಹುದಾದದ್ದನ್ನು ನೋವಿನಿಂದ ಕಲಿಸುವುದು ತಪ್ಪು ಎಂಬುದು ಒಂದು. ಪ್ರಾಣಿ ವರ್ತನೆಯ ಪಶುವೈದ್ಯರ ಅಮೆರಿಕದ ಸಂಘವು 2021ರ ನಿಲುವು ಪತ್ರದಲ್ಲಿ ಬಹುಮಾನ ಆಧಾರಿತ ಪದ್ಧತಿಯನ್ನು ಮಾತ್ರ ಅನುಮೋದಿಸಿದೆ. ಎರಡನೆಯದು, ನಾಯಿ ನೋವನ್ನು ಯಾವುದಕ್ಕೆ ತಳುಕು ಹಾಕುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ ಎಂಬುದು. ತಂತಿಯ ಹತ್ತಿರ ಹೋದದ್ದರಿಂದ ನೋವಾಯಿತೆಂದು ನಾವು ಬಲ್ಲೆವು. ಆ ಹೊತ್ತಿಗೆ ಎದುರಿನ ರಸ್ತೆಯಲ್ಲಿ ಶಾಲೆಗೆ ಹೋಗುವ ಹುಡುಗನೊಬ್ಬ ಬರುತ್ತಿದ್ದರೆ, ನೋವಿಗೆ ಆ ಹುಡುಗನೇ ಕಾರಣವೆಂದು ನಾಯಿ ತಿಳಿಯಬಹುದು. ಸ್ನೇಹದಿಂದ ಬಾಲ ಆಡಿಸಿಕೊಂಡು ಗಡಿಗೆ ಓಡಿದ ನಾಯಿ ಕೆಲವು ವಾರಗಳಲ್ಲಿ ದಾರಿಹೋಕರನ್ನು ಕಂಡು ಗುರುಗುಟ್ಟತೊಡಗಿದರೆ ಹೀಗಾಗಿರಬಹುದೆಂದು ಊಹಿಸಬೇಕು. ರಿಚರ್ಡ್ ಪೋಲ್ಸ್ಕಿ 2000ದಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿದ್ಯುನ್ಮಾನ ಬೇಲಿಯಲ್ಲಿದ್ದ ನಾಯಿಗಳು ಮನುಷ್ಯರ ಮೇಲೆ ತೀವ್ರವಾಗಿ ಎರಗಿದ ಐದು ಪ್ರಕರಣಗಳ ವಿವರಣೆಯಿದೆ. ಐದು ಪ್ರಕರಣಗಳಿಂದ ಸಾಮಾನ್ಯ ನಿಯಮ ಮಾಡಲಾಗದು. ಮೇಲೆ ಹೇಳಿದ ಓಹಾಯೋ ಸಮೀಕ್ಷೆಯಲ್ಲಿ ಬೇಲಿಯ ಬಗೆಗೂ ಕಚ್ಚುವಿಕೆಗೂ ಸಂಬಂಧ ಕಂಡುಬರಲಿಲ್ಲ. ಆದರೂ ಜನಸಂಚಾರದ ರಸ್ತೆಯ ಅಂಚಿಗೇ ತಂತಿ ಹಾಕದೆ ಒಳಗೆ ಸರಿಸಿ ಹಾಕುವುದು ವಿವೇಕದ ಕೆಲಸ.

ಆಘಾತಕ್ಕಿಂತ ಹೆಚ್ಚಾಗಿ ಕಣ್ಣಿಗೆ ಬೀಳುವ ತೊಂದರೆ ಕತ್ತಿನ ಹುಣ್ಣು. ಪಟ್ಟಿಯನ್ನು ಹಗಲೂ ರಾತ್ರಿ ಬಿಗಿಯಾಗಿ ಕಟ್ಟಿಟ್ಟರೆ ಮೊಳೆಗಳ ಒತ್ತಡದಿಂದ ಆ ಜಾಗದ ರಕ್ತಸಂಚಾರ ಕಡಿಮೆಯಾಗಿ ಚರ್ಮ ಸಾಯುತ್ತದೆ, ಒದ್ದೆಯಾಗಿದ್ದರೆ ಕೀವೂ ಆಗುತ್ತದೆ. ಇದನ್ನು ವಿದ್ಯುತ್ತಿನ ಸುಟ್ಟಗಾಯವೆಂದು ತಪ್ಪಾಗಿ ತಿಳಿಯುವವರು ಹೆಚ್ಚು. ಪಟ್ಟಿ ಮತ್ತು ಕತ್ತಿನ ನಡುವೆ ಒಂದು ಬೆರಳು ಹೋಗುವಷ್ಟು ಸಡಿಲವಿರಬೇಕು, ದಿನಕ್ಕೆ ಹನ್ನೆರಡು ಗಂಟೆಗಿಂತ ಹೆಚ್ಚು ಹೊತ್ತು ಕಟ್ಟಿರಬಾರದು, ಆಗಾಗ್ಗೆ ಬಿಚ್ಚಿ ರೋಮ ಸರಿಸಿ ನೋಡಬೇಕು. ಕೆಂಪಾಗಿದ್ದರೆ ವಾಸಿಯಾಗುವವರೆಗೆ ಪಟ್ಟಿ ಬೇಡ.

ತಂತಿಯಿಲ್ಲದ ಬೇಲಿಗಳು

ತಂತಿ ಹೂಳುವ ಶ್ರಮವನ್ನು ತಪ್ಪಿಸಲು ಎರಡು ಪರ್ಯಾಯಗಳು ಬಂದಿವೆ. ಒಂದರಲ್ಲಿ ಮನೆಯೊಳಗಿನ ಯಂತ್ರವು ಸುತ್ತಲೂ ವೃತ್ತಾಕಾರವಾಗಿ ಸಂಕೇತ ಹರಡುತ್ತದೆ. ನಾಯಿ ಆ ವೃತ್ತದ ಹೊರಗೆ ಹೋದರೆ ಎಚ್ಚರಿಕೆ. ಇಲ್ಲಿ ತರ್ಕ ತಿರುಗುಮುರುಗು: ಭೂಗತ ಬೇಲಿಯಲ್ಲಿ ಸಂಕೇತ ಸಿಕ್ಕರೆ ಅಪಾಯ, ಇದರಲ್ಲಿ ಸಂಕೇತ ತಪ್ಪಿದರೆ ಅಪಾಯ. ಇನ್ನೊಂದು ಉಪಗ್ರಹ ಆಧಾರಿತ ಜಿ.ಪಿ.ಎಸ್. ಕೊರಳಪಟ್ಟಿ. ಮೊಬೈಲಿನ ನಕ್ಷೆಯ ಮೇಲೆ ಬೆರಳಿನಿಂದ ಗೆರೆ ಎಳೆದರೆ ಅದೇ ಬೇಲಿ. ಹ್ಯಾಲೋ, ಸ್ಪಾಟ್‌ಆನ್ ಮೊದಲಾದವು ಈ ಬಗೆಯವು. ಜಿ.ಪಿ.ಎಸ್. ಲೆಕ್ಕದಲ್ಲಿ ಕೆಲವು ಮೀಟರುಗಳ ವ್ಯತ್ಯಾಸ ಸಹಜವಾದ್ದರಿಂದ, ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಗೆರೆ ಅತ್ತಿತ್ತ ಸರಿಯುತ್ತದೆ. ದೊಡ್ಡ ತೋಟಗಳಿಗೆ ಇದು ಸರಿ, ಮೂವತ್ತು ನಲವತ್ತರ ನಿವೇಶನಕ್ಕೆ ಅರ್ಥವಿಲ್ಲ. ಇದೇ ತತ್ತ್ವವನ್ನು ಆಡು, ಕುರಿ, ದನಗಳಿಗೆ ಅನ್ವಯಿಸಿದ ನಾರ್ವೆಯ ‘ನೋಫೆನ್ಸ್’ ಕಂಪನಿಯ ಪಟ್ಟಿಗಳು ಯೂರೋಪಿನ ಹುಲ್ಲುಗಾವಲುಗಳಲ್ಲಿ ಬಳಕೆಯಲ್ಲಿವೆ.

ಕಾನೂನು

ವೇಲ್ಸ್ 2010ರಲ್ಲಿ ನಾಯಿ ಮತ್ತು ಬೆಕ್ಕುಗಳಿಗೆ ವಿದ್ಯುದಾಘಾತ ಕೊಡುವ ಕೊರಳಪಟ್ಟಿಗಳನ್ನು ನಿಷೇಧಿಸಿತು. ಅದೃಶ್ಯ ಬೇಲಿಯ ಪಟ್ಟಿಗಳೂ ಅದರಲ್ಲಿ ಸೇರಿದವು. ತಯಾರಕರು ನ್ಯಾಯಾಲಯಕ್ಕೆ ಹೋದರು. ನಿಷೇಧ ಊರ್ಜಿತವಾಯಿತು. ಇಂಗ್ಲೆಂಡಿನಲ್ಲಿ 2023ರಲ್ಲಿ ಸಿದ್ಧಪಡಿಸಿದ ಕರಡು ನಿಯಮಗಳು ಕೈಯಲ್ಲಿ ಹಿಡಿದು ಒತ್ತುವ ರಿಮೋಟ್ ಪಟ್ಟಿಗಳಿಗೆ ಮಾತ್ರ ಸೀಮಿತವಾಗಿದ್ದು, ಬೇಲಿಗಳನ್ನು ಹೊರಗಿಟ್ಟಿದ್ದವು. ಮನುಷ್ಯನ ಕೋಪಕ್ಕೆ ಒಳಗಾಗುವ ಗುಂಡಿಗೂ, ಗಡಿಯಲ್ಲಿ ಮಾತ್ರ ಕೆಲಸ ಮಾಡುವ ತಂತಿಗೂ ವ್ಯತ್ಯಾಸವಿದೆ ಎಂಬುದು ಇದರ ಹಿಂದಿನ ತರ್ಕ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಆಘಾತದ ಪಟ್ಟಿ ನಿಷಿದ್ಧ. ಆದರೆ ಒಂದೂವರೆ ಮೀಟರ್ ಎತ್ತರದ ನಿಜವಾದ ಬೇಲಿಯ ಒಳಗಡೆ ಅದೃಶ್ಯ ಬೇಲಿಗೆ ವಿನಾಯಿತಿ ಇದೆ. ಅಮೆರಿಕದಲ್ಲಿ ರಾಷ್ಟ್ರಮಟ್ಟದ ನಿಷೇಧವಿಲ್ಲ. ಆದರೆ ಅಪಾಯಕಾರಿಯೆಂದು ಘೋಷಿತವಾದ ನಾಯಿಗಳ ವಿಷಯದಲ್ಲಿ ಇದನ್ನು ಬೇಲಿಯೆಂದು ಪರಿಗಣಿಸದ ಸ್ಥಳೀಯ ಕಾನೂನುಗಳು ಅಲ್ಲಿಯೂ ಇವೆ.

ಭಾರತದಲ್ಲಿ

ನಮ್ಮಲ್ಲಿ ಸ್ವಂತ ಮನೆಗಳಿಗೆ ಕಾಂಪೌಂಡ್ ಗೋಡೆ ಮತ್ತು ಗೇಟು ಇರುವುದೇ ವಾಡಿಕೆಯಾದ್ದರಿಂದ ಭೂಗತ ಬೇಲಿಯ ಅಗತ್ಯ ಅಷ್ಟಾಗಿ ಕಂಡುಬಂದಿಲ್ಲ. ಸಾಮಗ್ರಿಯು ಆನ್‌ಲೈನ್ ಅಂಗಡಿಗಳಲ್ಲಿ ದೊರೆಯುತ್ತದೆ. ಗೋಡೆ ಕಟ್ಟಲು ಆಗದಷ್ಟು ವಿಸ್ತಾರವಾದ ಕಾಫಿ, ಅಡಿಕೆ ತೋಟಗಳ ನಡುವಿನ ಮನೆಗಳವರಿಗೆ ಇದು ಆಕರ್ಷಕವಾಗಿ ತೋರಬಹುದು. ಆದರೆ ಅಂತಹ ಸ್ಥಳಗಳಲ್ಲಿಯೇ ಚಿರತೆಯ ಕಾಟ ಹೆಚ್ಚು, ಮತ್ತು ಚಿರತೆಗೆ ನಾಯಿ ಸುಲಭದ ಆಹಾರ. ರಾತ್ರಿ ಅಂಗಳಕ್ಕೆ ಬಂದ ಚಿರತೆಗೆ ಈ ತಂತಿಯ ಪರಿವೆ ಇರುವುದಿಲ್ಲ. ಬೀದಿನಾಯಿಗಳು ಹೆಚ್ಚಿರುವ ಊರುಗಳಲ್ಲಿ ರೇಬೀಸ್ ಸೋಂಕಿನ ನಾಯಿ ಒಳನುಗ್ಗುವ ಸಾಧ್ಯತೆಯನ್ನೂ ಲೆಕ್ಕಿಸಬೇಕು. ಪದೇ ಪದೇ ವಿದ್ಯುತ್ ಹೋಗುವಲ್ಲಿ ಟ್ರಾನ್ಸ್‌ಮಿಟರಿಗೆ ಯು.ಪಿ.ಎಸ್. ಅಥವಾ ಬ್ಯಾಟರಿಯ ಬೆಂಬಲವಿಲ್ಲದಿದ್ದರೆ ಬೇಲಿ ದಿನಕ್ಕೆ ಹಲವು ಗಂಟೆ ಇಲ್ಲವೇ ಇಲ್ಲ. ಹೆಗ್ಗಣ ಕಡಿಯುವ, ಬೇಸಾಯಕ್ಕೆ ಅಗೆಯುವ ನೆಲದಲ್ಲಿ ತಂತಿಯನ್ನು ಪೈಪಿನೊಳಗೆ ಹಾಯಿಸುವುದು ಮೇಲು.

ಮನೆಯ 230 ವೋಲ್ಟ್ ವಿದ್ಯುತ್ತನ್ನು ನೇರವಾಗಿ ತಂತಿಗೆ ಕೊಟ್ಟು ‘ಬೇಲಿ’ ಮಾಡುವ ಪ್ರಯತ್ನ ನಾಯಿಗೂ ಮನುಷ್ಯರಿಗೂ ಮಾರಣಾಂತಿಕ, ಕಾನೂನಿನಲ್ಲಿ ಅಪರಾಧ. ಹೀಗೆ ಹಾಕಿದ ಅಕ್ರಮ ತಂತಿಗಳಿಗೆ ಆನೆಗಳೂ ರೈತರೂ ಬಲಿಯಾದ ಸುದ್ದಿಗಳು ನಮ್ಮ ರಾಜ್ಯದಲ್ಲಿ ಹೊಸತಲ್ಲ.

1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದಲ್ಲಿ ವಿದ್ಯುನ್ಮಾನ ಕೊರಳಪಟ್ಟಿಯ ಹೆಸರೆತ್ತಿದ ಉಪಬಂಧವಿಲ್ಲ. ಆದರೆ ಅದರ 11ನೆಯ ಪ್ರಕರಣವು ಪ್ರಾಣಿಗೆ ಅನವಶ್ಯಕ ನೋವು ಕೊಡುವುದನ್ನೂ, ತೀರ ಗಿಡ್ಡ ಅಥವಾ ಭಾರವಾದ ಸರಪಳಿಯಲ್ಲಿ ಅತಿಯಾದ ಹೊತ್ತು ಕಟ್ಟಿಹಾಕುವುದನ್ನೂ ಅಪರಾಧವೆಂದು ಹೇಳುತ್ತದೆ. ಮೊದಲ ಅಪರಾಧಕ್ಕೆ ಅದು ವಿಧಿಸಿರುವ ದಂಡ 10ರಿಂದ 50 ರೂಪಾಯಿ. ಇನ್ನೊಂದು ಕಡೆ, ತನ್ನ ವಶದಲ್ಲಿರುವ ಪ್ರಾಣಿಯಿಂದ ಇತರರ ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣದಂತೆ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ತಂತಿ ಹೂತಿದ್ದರೂ ನಾಯಿ ಹೊರಗೆ ಬಂದು ಕಚ್ಚಿದರೆ ಹೊಣೆ ಸಾಕಿದವರದೇ.